ಸರಪಳಿಯ ಹಲ್ಲಿನ ಲೆಕ್ಕ

ಮುಂಗಾರಿಗೆ ಮುನ್ನ ಮಲೆನಾಡಿನ ಕಾಫಿ ತೋಟಗಳ ನಡುವೆ ಹಾದುಹೋದವರಿಗೆ ಒಂದು ಸದ್ದು ಪರಿಚಿತ. ಅದು ಮರಗಸಿಯ ಕಾಲ. ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವ ಈ ಕೆಲಸದಲ್ಲಿ ಹಿಂದೆ ಕತ್ತಿ ಕೊಡಲಿಗಳ ಸದ್ದು ಮಾತ್ರ ಕೇಳುತ್ತಿತ್ತು. ಈಗ ಹಾಲುವಾಣದ ತುದಿಯಿಂದಲೋ ಸಿಲ್ವರ್ ಓಕ್‌ನ ಕವಲಿನಿಂದಲೋ ಕಿರ್ರೆಂದು ಕಿವಿ ಕೊರೆಯುವ ಚೈನ್ ಸಾ ಸದ್ದೂ ಸೇರಿದೆ. ಮರ ಹತ್ತಿ ಕೆಲಸ ಮಾಡುವವನ ಕೈಯಲ್ಲಿರುವುದು ದೊಡ್ಡ ಯಂತ್ರವಲ್ಲ. ತೂಕ ಮೂರು ನಾಲ್ಕು ಕಿಲೋ, ಎಂಜಿನ್ 30-35 ಸಿ.ಸಿ. ಒಂದು ಕಾಲದಲ್ಲಿ ಬೀದಿ ತುಂಬ ಓಡಾಡುತ್ತಿದ್ದ ಮೊಪೆಡ್‌ಗಳ ಎಂಜಿನ್ ಸುಮಾರು 50 ಸಿ.ಸಿ. ಇರುತ್ತಿತ್ತು ಎಂಬುದನ್ನು ನೆನೆದರೆ ಇದೆಷ್ಟು ಪುಟ್ಟದು ಎಂದು ತಿಳಿದೀತು. ಆದರೆ ಇಷ್ಟು ಪುಟ್ಟ ಎಂಜಿನ್‌ನಿಂದ ಇಡೀ ದಿನ ದುಡಿಸಿಕೊಳ್ಳಬೇಕಾದರೆ ಅದಕ್ಕೆ ತೊಡಿಸುವ ಸರಪಳಿಯ ಆಯ್ಕೆಯಲ್ಲಿ ಸ್ವಲ್ಪವೂ ತಪ್ಪುವಂತಿಲ್ಲ.

ಮೂಡಿಗೆರೆ ಕಡೆಯ ಮರಗಸಿ ಕೆಲಸಗಾರನೊಬ್ಬ ಪೇಟೆಗೆ ಹೋಗಿ ಹೊಸ ಚೈನು ತಂದ. ಅಂಗಡಿಯಲ್ಲಿ ಅವನು ಹೇಳಿದ್ದು ಒಂದೇ ಮಾತು: ‘ಹದಿನಾಲ್ಕು ಇಂಚಿಂದು ಕೊಡಿ.’ ಅಂಗಡಿಯವರು ಕೊಟ್ಟರು. ಜಗಲಿಯಲ್ಲಿ ಕೂತು ಎಷ್ಟು ತಿಣುಕಿದರೂ ಚೈನು ಬಾರಿನ ಸೀಳಿನೊಳಗೆ ಇಳಿಯಲೊಲ್ಲದು.

‘ಎಂತ ಆಯ್ತಪ್ಪಾ?’ ಎನ್ನುತ್ತ ಹತ್ತನೇ ತರಗತಿಯ ಮಗಳು ಬಂದಳು.

‘ಹದಿನಾಲ್ಕು ಇಂಚು ಅಂತ ಹೇಳೇ ತಂದಿದ್ದು ಪುಟ್ಟಿ. ಕೂರ್ತಾನೇ ಇಲ್ಲ.’

ಅವಳು ಹಳೆಯ ಚೈನು, ಹೊಸ ಚೈನು ಎರಡನ್ನೂ ಹಳೇ ಪತ್ರಿಕೆಯ ಮೇಲೆ ಹರಡಿದಳು. ಜಾಮಿಟ್ರಿ ಬಾಕ್ಸಿನ ಅಳತೆಪಟ್ಟಿ ತಂದಳು. ಮುಂದಿನ ಅರ್ಧ ಗಂಟೆಯಲ್ಲಿ ಆ ಜಗಲಿಯಲ್ಲಿ ನಡೆದದ್ದು ಯಾವ ಪ್ರಯೋಗಶಾಲೆಗೂ ಕಡಿಮೆಯಿಲ್ಲದ ಕೆಲಸ.

ಚೈನ್ ಸಾ ಸರಪಳಿಯನ್ನು ಗುರುತಿಸಲು ಬಾರಿನ ಉದ್ದವೊಂದೇ ಸಾಲದು, ಇನ್ನೂ ಮೂರು ಅಳತೆ ಬೇಕು. ಮೊದಲನೆಯದು ಪಿಚ್. ಒಂದರ ಪಕ್ಕ ಒಂದರಂತಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು ಎರಡರಿಂದ ಭಾಗಿಸಿದರೆ ಬರುವುದೇ ಪಿಚ್. ಎರಡೇ ರಿವೆಟ್‌ಗಳ ಅಂತರ ಅಳೆದರೆ ಆಗದೆ ಎಂದು ಕೇಳಬಹುದು. ಆಗದು. ಕೊಂಡಿಯಿಂದ ಕೊಂಡಿಗೆ ಆ ಅಂತರ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಹಾಗಾಗಿ ಸರಾಸರಿಯೇ ಬೇಕು. ಹುಡುಗಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಒಂದು ಹಾಳೆಯ ದಪ್ಪ ಅಳೆಯಲು ನೂರು ಹಾಳೆ ಒಟ್ಟಿಗೆ ಅಳೆದು ಭಾಗಿಸುವ ಉಪಾಯ ಶಾಲೆಯಲ್ಲಿ ಕಲಿತದ್ದಿತ್ತು. 21 ರಿವೆಟ್‌ಗಳ ಉದ್ದವನ್ನು ಒಮ್ಮೆಗೇ ಅಳೆದು 20ರಿಂದ ಭಾಗಿಸಿದಳು. ಬಂದದ್ದು ಒಂಬತ್ತೂವರೆ ಮಿ.ಮೀ. ಆಸುಪಾಸು. ಇದು ‘ಮೂರು ಬೈ ಎಂಟು’ ಅಂದರೆ ಎಂಟನೇ ಮೂರು ಇಂಚಿನ ಚೈನು. ಕಾಲು ಇಂಚಿನದಾದರೆ 6.35, 0.325 ಇಂಚಿನದಾದರೆ 8.25, ದೊಡ್ಡ ಯಂತ್ರಗಳ 0.404 ಇಂಚಿನದಾದರೆ ಹತ್ತಕ್ಕಿಂತ ತುಸು ಹೆಚ್ಚು ಮಿ.ಮೀ. ಬರಬೇಕಿತ್ತು. ಇಲ್ಲೊಂದು ತೊಡಕೂ ಉಂಟು. ಎಂಟನೇ ಮೂರು ಇಂಚಿನ ಚೈನುಗಳಲ್ಲಿ ಗಿಡ್ಡ ಹಲ್ಲಿನದೊಂದು, ಎತ್ತರದ ಹಲ್ಲಿನದೊಂದು, ಹೀಗೆ ಎರಡು ಜಾತಿ. ಹೆಸರಿನ ಸಂಖ್ಯೆ ಒಂದೇ ಆದರೂ ಒಂದರ ಜಾಗಕ್ಕೆ ಇನ್ನೊಂದು ಒಗ್ಗದು. ಸಣ್ಣ ಯಂತ್ರಕ್ಕೆ ಬರುವುದು ಗಿಡ್ಡ ಜಾತಿಯದು. ತಯಾರಕರು ಇಂಥ ಗೊಂದಲಕ್ಕೆ ಬೇರೆ ಹೆಸರಾದರೂ ಇಡಬಹುದಿತ್ತು!

ಎರಡನೆಯದು ಗೇಜ್, ಎಂದರೆ ಬಾರಿನ ಸೀಳಿನೊಳಗೆ ಓಡುವ ಡ್ರೈವ್ ಲಿಂಕ್‌ನ ದಪ್ಪ. 1.1, 1.3, 1.5, 1.6 ಮಿ.ಮೀ. ಎಂದು ನಾಲ್ಕು ಅಳತೆಗಳು ಸಾಮಾನ್ಯ. ತೊಂದರೆ ಇದ್ದದ್ದು ಇಲ್ಲೇ. ಹಳೆಯದು 1.1, ಅಂಗಡಿಯಿಂದ ಬಂದದ್ದು 1.3. ಮಿಲಿಮೀಟರಿನ ಐದನೇ ಒಂದು ಭಾಗದ ವ್ಯತ್ಯಾಸ, ಅಷ್ಟಕ್ಕೇ ಇಡೀ ದಿನದ ಕೂಲಿ ಹೋಯಿತು. ತಿರುಗುಮುರುಗಾಗಿ 1.3ರ ಸೀಳಿಗೆ 1.1ರ ಚೈನು ಬಂದಿದ್ದರೆ ಅದು ಕೂರುತ್ತಿತ್ತು, ಕೂತು ಅತ್ತಿತ್ತ ಓಲಾಡುತ್ತಿತ್ತು. ಅದು ಇನ್ನೂ ಕೆಟ್ಟದ್ದು, ಏಕೆಂದರೆ ತಪ್ಪು ಗೊತ್ತೇ ಆಗುತ್ತಿರಲಿಲ್ಲ.

ಮೂರನೆಯದು ಡ್ರೈವ್ ಲಿಂಕ್‌ಗಳ ಎಣಿಕೆ. ಅವರ ಚೈನಿನಲ್ಲಿ 50 ಇದ್ದವು. ಬಾರಿನ ಮೇಲೆ 14 ಇಂಚು ಎಂದೇ ಬರೆದಿದ್ದರೂ ಒಬ್ಬ ತಯಾರಕರ ಯಂತ್ರಕ್ಕೆ 50, ಇನ್ನೊಬ್ಬರದಕ್ಕೆ 52 ಬೇಕಾಗುವುದುಂಟು. ಹುಡುಗಿ ಮೂರು ಸಂಖ್ಯೆಗಳನ್ನೂ ಚೀಟಿಯಲ್ಲಿ ಬರೆದು ಅಪ್ಪನ ಜೇಬಿಗೆ ಹಾಕಿದಳು. ಮರುದಿನ ಚೈನು ಬದಲಾಗಿ ಬಂತು.

ಇನ್ನು ವೇಗದ ಲೆಕ್ಕ ನೋಡೋಣ. ಎಂಜಿನ್ ತಿರುಗಿಸುವ ಸ್ಪ್ರಾಕೆಟ್‌ಗೆ ಆರು ಹಲ್ಲು ಎಂದಿಟ್ಟುಕೊಳ್ಳಿ. ಒಂದೊಂದು ಹಲ್ಲೂ ಒಂದೊಂದು ಡ್ರೈವ್ ಲಿಂಕನ್ನು, ಎಂದರೆ ಎರಡೆರಡು ಪಿಚ್ ಉದ್ದದ ಚೈನನ್ನು ಮುಂದಕ್ಕೆ ತಳ್ಳುತ್ತದೆ. ಒಂದು ಸುತ್ತಿಗೆ 12 ಪಿಚ್, ಸುಮಾರು 114 ಮಿ.ಮೀ. ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಸೆಕೆಂಡಿಗೆ 19 ಮೀಟರ್. ಗಂಟೆಗೆ 68 ಕಿಲೋಮೀಟರಿಗೂ ಹೆಚ್ಚು! ಚೈನಿನ ಒಟ್ಟು ಉದ್ದ ಒಂದು ಮೀಟರಿಗೂ ಕಡಿಮೆ. ಅದು ಸೆಕೆಂಡಿಗೆ 20 ಬಾರಿ ಬಾರನ್ನು ಸುತ್ತುತ್ತದೆ. ಅದರಲ್ಲಿ ಸುಮಾರು 25 ಕೊಯ್ಯುವ ಹಲ್ಲುಗಳು. ನೀವು ‘ಒಂದು’ ಎಂದು ಎಣಿಸಿ ಮುಗಿಸುವಷ್ಟರಲ್ಲಿ ಐನೂರು ಹಲ್ಲುಗಳು ಮರದ ಒಂದೇ ಜಾಗವನ್ನು ದಾಟಿರುತ್ತವೆ.

ಹಾಗಾದರೆ ಹಲ್ಲು ದೊಡ್ಡದಾದಷ್ಟೂ ಒಳ್ಳೆಯದಲ್ಲವೆ? ಎಲ್ಲರೂ ಎಡವುವುದು ಈ ಪ್ರಶ್ನೆಯಲ್ಲೇ. ಗರಗಸ ಮರವನ್ನು ಎರಡು ತುಂಡು ಮಾಡುವುದಷ್ಟೇ ಅಲ್ಲ, ನಡುವಿನ ಒಂದು ಪದರವನ್ನು ಪೂರಾ ಕೆರೆದು ಹೊರಗೆ ಹಾಕುತ್ತದೆ. ಆ ಸೀಳಿನ ಅಗಲವೇ ಎಂಜಿನ್ ಹೊರಬೇಕಾದ ಹೊರೆ. 30 ಸೆಂ.ಮೀ. ವ್ಯಾಸದ ದಿಮ್ಮಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 707 ಚದರ ಸೆಂ.ಮೀ. ಸೀಳಿನ ಅಗಲ 8 ಮಿ.ಮೀ. ಆದರೆ 565 ಘನ ಸೆಂ.ಮೀ. ಮರವನ್ನು ಪುಡಿಮಾಡಬೇಕು. 6 ಮಿ.ಮೀ. ಆದರೆ 424. ಕಾಲು ಭಾಗ ಕೆಲಸ ಉಳಿಯಿತು! ಎರಡು ಅಶ್ವಶಕ್ತಿಯ ಆಸುಪಾಸಿನ ಎಂಜಿನ್‌ಗೆ ಇದು ದೊಡ್ಡ ಉಳಿತಾಯ. ಅದಕ್ಕೇ ಸಣ್ಣ ಯಂತ್ರಗಳಿಗೆ ಕಿರಿದಾದ ಚೈನು, ತೆಳ್ಳಗಿನ ಬಾರು. ತೀರಾ ಸಣ್ಣ ಯಂತ್ರಗಳಲ್ಲಿ ಕಾಲು ಇಂಚಿನ ಚೈನು ಹಾಕುವವರೂ ಇದ್ದಾರೆ. ಕೊಯ್ತ ನಯ, ಎಳೆತ ಕಡಿಮೆ. ಆದರೆ ಚೈನೊಂದನ್ನೇ ಬದಲಿಸಿದರೆ ಸಾಲದು. ಬಾರು, ಸ್ಪ್ರಾಕೆಟ್, ಚೈನು ಮೂರೂ ಒಂದೇ ಮನೆಯವರು, ಮೂರೂ ಒಟ್ಟಿಗೆ ಬದಲಾಗಬೇಕು.

ಹಲ್ಲಿನ ಆಕಾರದಲ್ಲೂ ಆಯ್ಕೆ ಇದೆ. ಚೌಕ ಮೂಲೆಯ ಹಲ್ಲು ಶುದ್ಧವಾದ ಮೆದು ಮರದಲ್ಲಿ ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ, ಆದರೆ ಆ ಚೂಪು ಮೂಲೆ ಸವೆದರೆ ಮುಗಿಯಿತು. ಮೂಲೆ ತುಸು ದುಂಡಗಿರುವ ಹಲ್ಲು ಅಷ್ಟು ಚುರುಕಲ್ಲ, ಆದರೆ ಹೆಚ್ಚು ಹೊತ್ತು ಬಾಳುತ್ತದೆ. ಮಲೆನಾಡಿನ ಮರಗಳ ತೊಗಟೆಗೆ ಪಾಚಿ, ಬುಡಕ್ಕೆ ಮಳೆಯಲ್ಲಿ ಸಿಡಿದ ಕೆಸರು ಅಂಟಿರುತ್ತದೆ. ಕೆಸರಿನಲ್ಲಿ ಮರಳಿನ ಕಣ. ಗಡಸುತನದ ಮೋಸ್ ಅಳತೆಯಲ್ಲಿ ಮರಳಿನ ಸ್ಫಟಿಕಕ್ಕೆ 7ನೇ ಸ್ಥಾನ, ಸಾಮಾನ್ಯ ಚಾಕುವಿನ ಉಕ್ಕು ಅದಕ್ಕಿಂತ ಕೆಳಗೆ. ಒಮ್ಮೆ ನೆಲಕ್ಕೆ ತಾಗಿದರೂ ಸಾಕು, ಬೆಳಗಿನಿಂದ ಮಸೆದ ಹರಿತ ಕ್ಷಣಾರ್ಧದಲ್ಲಿ ಹೋಗುತ್ತದೆ. ನಮ್ಮ ತೋಟಗಳಿಗೆ ದುಂಡು ಮೂಲೆಯೇ ಸರಿ ಎನ್ನುವುದು ಇದಕ್ಕೇ.

ಈ ಹಲ್ಲಿನ ಕಥೆಯೇ ಸೋಜಿಗದ್ದು. ಸರಪಳಿ ಗರಗಸದ ಮೊದಲ ರೂಪಗಳು ಮರಕ್ಕಾಗಿ ಹುಟ್ಟಿದವೇ ಅಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ಕಾಟ್‌ಲೆಂಡಿನ ವೈದ್ಯರು ಮೂಳೆ ಕೊಯ್ಯಲು ಕೈಯಿಂದ ಎಳೆಯುವ ಸಣ್ಣ ಸರಪಳಿ ಗರಗಸ ಬಳಸಿದ್ದರು. ಮರ ಕೊಯ್ಯುವ ಯಂತ್ರ ಬಂದದ್ದು 1920ರ ದಶಕದ ಜರ್ಮನಿಯಲ್ಲಿ. 1926ರಲ್ಲಿ ಆಂಡ್ರಿಯಾಸ್ ಸ್ಟೀಲ್ ವಿದ್ಯುತ್ತಿನದನ್ನು, 1927ರಲ್ಲಿ ಎಮಿಲ್ ಲೆರ್ಪ್ ಪೆಟ್ರೋಲಿನದನ್ನು ತಂದರು. ಆದರೆ ಆಗಿನ ಚೈನಿನ ಹಲ್ಲುಗಳು ಕೈಗರಗಸದ ಹಲ್ಲಿನ ನಕಲು. ಕೆರೆಯುತ್ತಿದ್ದವು, ಹಿಟ್ಟು ಮಾಡುತ್ತಿದ್ದವು, ಸೀಳಿನಲ್ಲಿ ಹೊಟ್ಟು ತುಂಬಿ ಕಟ್ಟಿಕೊಳ್ಳುತ್ತಿದ್ದವು. ಮಸೆಯುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು.

1946ರಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವ ಕೆಲಸಗಾರ ಒಂದು ಮರದ ಬೊಡ್ಡೆಯಲ್ಲಿ ದಪ್ಪನೆಯ ಹುಳುವೊಂದನ್ನು ಕಂಡ. ಮರಕೊರಕ ದುಂಬಿಯ ಮರಿ ಅದು, ತೋರುಬೆರಳಿನಷ್ಟು ಗಾತ್ರ. ಗಟ್ಟಿ ಮರದೊಳಗೆ ಎಳೆಯ ಉದ್ದಕ್ಕೂ ಅಡ್ಡಕ್ಕೂ ಮನಬಂದಂತೆ ಸಾಗುತ್ತಿತ್ತು. ಯಂತ್ರಕ್ಕೆ ಆಗದ್ದು ಹುಳುವಿಗೆ ಹೇಗಾಯಿತು? ಕಾಕ್ಸ್ ಅದರ ಬಾಯನ್ನು ಗಮನಿಸಿದ. ಕೊಕ್ಕೆಯಂತೆ ಬಾಗಿದ ಎರಡು ದವಡೆಗಳು, ಒಂದು ಎಡಕ್ಕೆ, ಒಂದು ಬಲಕ್ಕೆ. ಕೆರೆಯುತ್ತಿರಲಿಲ್ಲ, ಬಡಗಿಯ ಹತ್ತರಿಯಂತೆ ಎಬ್ಬಿ ಎಬ್ಬಿ ತೆಗೆಯುತ್ತಿದ್ದವು. ಪೋರ್ಟ್‌ಲೆಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಆತ ಆ ದವಡೆಗಳನ್ನು ಉಕ್ಕಿನಲ್ಲಿ ಮಾಡಿದ. 1947ರ ನವೆಂಬರಿನಲ್ಲಿ ಮೊದಲ ಚೈನು ಮಾರಾಟವಾಯಿತು. ಇಂದು ಮಲೆನಾಡಿನ ಮರದ ಮೇಲೆ ಓಡುತ್ತಿರುವ ಚೈನೂ ಅದೇ ವಂಶದ್ದು. ಒಂದು ಹಲ್ಲು ಎಡಕ್ಕೆ ಬಾಗಿದ್ದರೆ ಮುಂದಿನದು ಬಲಕ್ಕೆ.

ಆ ಹಲ್ಲನ್ನು ಹತ್ತಿರದಿಂದ ನೋಡಿ. ಹಿಂದೆ ಕೊಯ್ಯುವ ಅಂಚು. ಅದರ ಮುಂದೆ, ತುಸು ಗಿಡ್ಡಗೆ, ಒಂದು ಗುಬುಟು. ಈ ಗುಬುಟಿಗೆ ಏನೂ ಕೊಯ್ಯುವ ಕೆಲಸವಿಲ್ಲ. ಅದು ಮರದ ಮೇಲೆ ಜಾರುತ್ತ, ಹಿಂದಿನ ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಎಂದು ಮಿತಿ ಹಾಕುತ್ತದೆ. ಹತ್ತರಿಯ ಅಲಗು ಅದರ ಅಡಿಯಿಂದ ಎಷ್ಟು ಹೊರಚಾಚಿದೆಯೋ ಅಷ್ಟೇ ತಾನೆ ಸಿಪ್ಪೆ ಏಳುವುದು? ಹಾಗೆಯೇ ಇದು. ಎರಡರ ಎತ್ತರದ ವ್ಯತ್ಯಾಸ ಸಾಮಾನ್ಯವಾಗಿ 0.65 ಮಿ.ಮೀ. ಚೈನನ್ನು ‘ತಿದ್ದುವ’ ಎಲ್ಲ ಪ್ರಯೋಗಗಳೂ ಕಡೆಗೆ ಬಂದು ನಿಲ್ಲುವುದು ಈ ಗುಬುಟಿನ ಮೇಲೆಯೇ.

ಗುಬುಟನ್ನು ಚಪ್ಪಟೆ ಅರದಿಂದ ಉಜ್ಜಿ ತಗ್ಗಿಸಿದರೆ ಹಲ್ಲು ಹೆಚ್ಚು ಕಚ್ಚುತ್ತದೆ, ಕೆಲಸ ಬೇಗ ಆಗುತ್ತದೆ ಎಂಬ ಮಾತು ಮರಗಸಿಯವರ ನಡುವೆ ಓಡಾಡುತ್ತಿರುತ್ತದೆ. ಈ ಮನೆಯ ಅಪ್ಪನೂ ಹಿಂದಿನ ವರ್ಷ ಹಾಗೆಯೇ ಮಾಡಿದ್ದ. ರಾತ್ರಿ ದೀಪದ ಕೆಳಗೆ ಕೂತು ಕಣ್ಣಂದಾಜಿನಲ್ಲಿ ಒಂದೊಂದು ಗುಬುಟಿಗೂ ನಾಲ್ಕೈದು ಎಳೆತ. ಮರುದಿನ ಬೆಳಗ್ಗೆ ಯಂತ್ರ ನಿಜಕ್ಕೂ ಚುರುಕಾಗಿ ಓಡಿತು. ಹತ್ತು ಗಂಟೆಯ ಹೊತ್ತಿಗೆ ಕವಲಿನ ಮೇಲೆ ನಿಂತು ಕೊಂಬೆಯೊಂದನ್ನು ಕೊಯ್ಯುತ್ತಿದ್ದಾಗ ಬಾರಿನ ಮೂತಿ ಹಿಂದಿನ ಕೊಂಬೆಗೆ ತಾಗಿತು. ಯಂತ್ರ ಮೇಲಕ್ಕೆ ಹಾರಿ ಎಡ ಭುಜದತ್ತ ಬಂತು. ಮುಂಗೈ ತಾಗಿ ಮುಂದಿನ ಕಾವಲುಪಟ್ಟಿ ಒತ್ತಿತು, ಬ್ರೇಕು ಬಿತ್ತು. ಹರಿದದ್ದು ಅಂಗಿ ಮಾತ್ರ. ಕತ್ತುಪಟ್ಟಿಯಿಂದ ತೋಳಿನವರೆಗೆ ಸೀಳಿದ ಆ ಅಂಗಿಯನ್ನು ಮನೆಯಾಕೆ ಎಸೆಯಲೂ ಇಲ್ಲ, ಹೊಲಿಯಲೂ ಇಲ್ಲ. ಯಂತ್ರ ಇಡುವ ಮೂಲೆಯ ಮೊಳೆಗೆ ತೂಗುಹಾಕಿದಳು. ದಿನಾ ಬೆಳಗ್ಗೆ ಯಂತ್ರ ತೆಗೆಯುವಾಗ ಅದನ್ನು ಸರಿಸಿಯೇ ತೆಗೆಯಬೇಕು.

ಅಂದು ಆದದ್ದೇನು? ಬಾರಿನ ಮೇಲ್ಭಾಗದಲ್ಲಿ ಚೈನು ಮುಂದಕ್ಕೆ ಓಡುತ್ತದೆ, ಮೂತಿಯಲ್ಲಿ ತಿರುಗಿ ಕೆಳಭಾಗದಲ್ಲಿ ಹಿಂದಕ್ಕೆ ಬರುತ್ತದೆ. ಮೂತಿಯ ಮೇಲಿನ ಅರ್ಧದಲ್ಲಿ ಹಲ್ಲುಗಳು ಮುಂದಕ್ಕೂ ಕೆಳಕ್ಕೂ ಸಾಗುತ್ತಿರುತ್ತವೆ. ಅಲ್ಲಿ ಮರ ಸಿಕ್ಕಿ ಹಲ್ಲು ಕಚ್ಚಿಕೊಂಡರೆ ನ್ಯೂಟನ್ನನ ಮೂರನೇ ನಿಯಮದಂತೆ ಬಾರು ಅದರ ವಿರುದ್ಧ ದಿಕ್ಕಿಗೆ, ಅಂದರೆ ಮೇಲಕ್ಕೂ ಹಿಂದಕ್ಕೂ ಚಿಮ್ಮುತ್ತದೆ. ಹಿಂದೆ ಇರುವವನು ಕೆಲಸಗಾರ. ಇದಕ್ಕೆ ‘ಕಿಕ್‌ಬ್ಯಾಕ್’ ಎಂದು ಹೆಸರು. ಕಣ್ಣು ಕಂಡು, ಮೆದುಳು ತಿಳಿದು, ಕೈ ಕದಲುವ ಮೊದಲೇ ಎಲ್ಲ ಮುಗಿದಿರುತ್ತದೆ. ಗುಬುಟು ತಗ್ಗಿದಷ್ಟೂ ಕಚ್ಚುವ ಆಳ ಹೆಚ್ಚು, ಆಳ ಹೆಚ್ಚಿದಷ್ಟೂ ಆ ಒದೆತ ಹೆಚ್ಚು. ಕೆಲವು ಚೈನುಗಳಲ್ಲಿ ಹಲ್ಲಿನ ಮುಂದೆ ಇನ್ನೊಂದು ಉಬ್ಬು ಕೊಂಡಿ ಇರುತ್ತದೆ. ಮೂತಿಯಲ್ಲಿ ತಿರುಗುವಾಗ ಹಲ್ಲಿನ ಮುಂದಿನ ಸಂದಿಯನ್ನು ತುಂಬಿ ಕಡ್ಡಿ ಕೊಂಬೆ ಸಿಕ್ಕಿಕೊಳ್ಳದಂತೆ ಅದು ತಡೆಯುತ್ತದೆ. ಅದನ್ನೂ ಉಜ್ಜಿ ಹಾಕುವವರಿದ್ದಾರೆ. ಮರದ ಮೇಲೆ ಕೆಲಸ ಮಾಡುವವರಂತೂ ಆ ಕೊಂಡಿಗೆ ಅರ ಮುಟ್ಟಿಸಲೇಬಾರದು.

ಆದರೂ ಅಪ್ಪನ ಯೋಚನೆ ಪೂರಾ ತಪ್ಪಾಗಿರಲಿಲ್ಲ. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಹಲ್ಲಿನ ಮೇಲ್ಮೈ ಹಿಂದಕ್ಕೆ ಇಳಿಜಾರಾಗಿರುತ್ತದೆ. ಮಸೆದಂತೆಲ್ಲ ಕೊಯ್ಯುವ ಅಂಚು ಹಿಂದಕ್ಕೆ ಸರಿಯುತ್ತದೆ, ಇಳಿಜಾರಿನಿಂದಾಗಿ ಕೆಳಕ್ಕೂ ಇಳಿಯುತ್ತದೆ. ಗುಬುಟು ಮಾತ್ರ ಇದ್ದಲ್ಲೇ ಇರುತ್ತದೆ. ಹೀಗೆ ಎತ್ತರದ ವ್ಯತ್ಯಾಸ ಕರಗುತ್ತ ಬಂದು, ಹಲ್ಲು ಎಷ್ಟೇ ಹರಿತವಾಗಿದ್ದರೂ ಮರ ಮುಟ್ಟದಂತಾಗುತ್ತದೆ. ಆಗ ಗುಬುಟನ್ನು ತಗ್ಗಿಸಲೇಬೇಕು. ಪ್ರಶ್ನೆ ಎಷ್ಟು ಎಂಬುದು.

ಈ ಸಲ ಲೆಕ್ಕ ಮಗಳದು. ಹಲ್ಲು ಹೊಸದಿದ್ದಾಗ ಗುಬುಟಿನಿಂದ ಅಂಚಿಗೆ ಇರುವ ದೂರ 6 ಮಿ.ಮೀ., ಎತ್ತರದ ವ್ಯತ್ಯಾಸ 0.65 ಎಂದಿಟ್ಟುಕೊಂಡಳು. ಅಭಿಮುಖ ಬಾಹುವನ್ನು ಪಾರ್ಶ್ವ ಬಾಹುವಿನಿಂದ ಭಾಗಿಸಿದರೆ ಟ್ಯಾನ್; ಕೋನ ಆರು ಡಿಗ್ರಿಗೆ ತುಸು ಹೆಚ್ಚು. ಹಲ್ಲು ಸವೆದು ಆ ದೂರ 10 ಮಿ.ಮೀ. ಆದಾಗ 0.65ನ್ನೇ ಉಳಿಸಿಕೊಂಡರೆ ಕೋನ ನಾಲ್ಕು ಡಿಗ್ರಿಗೂ ಕೆಳಗೆ ಬೀಳುತ್ತದೆ. ಮೊದಲಿನ ಕೋನವೇ ಬೇಕಾದರೆ ವ್ಯತ್ಯಾಸ ಸುಮಾರು 1.1 ಮಿ.ಮೀ. ಇರಬೇಕು. ಅಂದರೆ ಹಳೇ ಹಲ್ಲಿಗೆ ಗುಬುಟು ಹೆಚ್ಚು ತಗ್ಗಬೇಕು, ಹೊಸ ಹಲ್ಲಿಗೆ ಅದೇ 1.1 ಅಪಾಯ! ಕಣ್ಣಂದಾಜು ಸೋಲುವುದು ಇಲ್ಲಿಯೇ. ಹಲ್ಲಿನ ಸವೆತಕ್ಕೆ ತಕ್ಕಂತೆ ತಾನಾಗಿ ಓರೆಯಾಗಿ ಕೂರುವ ಪುಟ್ಟ ಉಕ್ಕಿನ ಮಾಪಕಗಳು ಸಿಗುತ್ತವೆ. ಅದನ್ನು ಹಲ್ಲಿನ ಮೇಲಿಟ್ಟು, ಸಂದಿಯಿಂದ ಮೇಲೆ ಕಂಡಷ್ಟು ಗುಬುಟನ್ನು ಮಾತ್ರ ಉಜ್ಜಿದರಾಯಿತು.

‘ಹಾಗಾದ್ರೆ ಹೋದ್ವರ್ಷ ನಾನು ಉಜ್ಜಿದ್ದು?’

‘ಹೊಸಾ ಚೈನಿಗಲ್ವಾ ಅಪ್ಪಾ ನೀನು ಉಜ್ಜಿದ್ದು?’

ಅಪ್ಪ ಮಾತಾಡಲಿಲ್ಲ.

ಹಲ್ಲು ಮಸೆಯುವುದಕ್ಕೂ ಕ್ರಮ ಉಂಟು. ಗಿಡ್ಡ ಜಾತಿಯ ಎಂಟನೇ ಮೂರು ಇಂಚಿನ ಚೈನಿಗೆ 4 ಮಿ.ಮೀ. ದುಂಡು ಅರ, 0.325ಕ್ಕೆ 4.8. ಅರದ ವ್ಯಾಸದ ಐದನೇ ಒಂದು ಭಾಗ ಹಲ್ಲಿನ ಮೇಲೆ ಕಾಣುವಂತೆ ಹಿಡಿದು, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು. ಹಲ್ಲಿನ ಹೊರಮೈಗೆ ಕ್ರೋಮಿಯಂನ ತೆಳು ಲೇಪವಿರುತ್ತದೆ. ಹರಿತ ನಿಲ್ಲುವುದು ಅದರಿಂದ. ಹೊರಗಿನಿಂದ ಒಳಕ್ಕೆ ಉಜ್ಜಿದರೆ ಲೇಪ ಚಕ್ಕೆಯೇಳುತ್ತದೆ. ಅಡ್ಡಕೊಯ್ತಕ್ಕೆ ಮೇಲಂಚಿನ ಓರೆ 30 ಡಿಗ್ರಿ. ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವವರು ಅದನ್ನು 10 ಡಿಗ್ರಿಗೆ ಇಳಿಸುತ್ತಾರೆ, ಹಲಗೆಯ ಮೈ ನಯವಾಗಿ ಬರುತ್ತದೆ. ಆದರೆ ಹಲಗೆ ಸೀಳುವುದು ಸಣ್ಣ ಯಂತ್ರದ ಕೆಲಸವಲ್ಲ. ಎಡ ಬಲದ ಹಲ್ಲುಗಳು ಸಮ ಉದ್ದ ಇರಲೇಬೇಕು. ಬಲಗೈಯವರು ಒಂದು ಬದಿಯ ಹಲ್ಲುಗಳನ್ನು ತಿಳಿಯದೆ ಹೆಚ್ಚು ಸವೆಸುತ್ತಾರೆ, ಆಮೇಲೆ ಕೊಯ್ತ ಸೊಟ್ಟಗೆ ಹೋದಾಗ ಬಾರನ್ನು ಬೈಯುತ್ತಾರೆ.

‘ಚೈನು ಹಿಗ್ಗಿತು’ ಎಂಬ ಮಾತೂ ಪೂರಾ ನಿಜವಲ್ಲ. 50 ಡ್ರೈವ್ ಲಿಂಕಿನ ಚೈನಿನಲ್ಲಿ ನೂರು ರಿವೆಟ್‌ಗಳು. ಒಂದೊಂದರಲ್ಲೂ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಸವೆತವಾದರೆ ಒಟ್ಟು 5 ಮಿ.ಮೀ. ಸಡಿಲ. ಬಿಸಿಯಿಂದ ಹಿಗ್ಗುವುದೂ ಇದೆ, ನೂರು ಡಿಗ್ರಿ ಏರಿದರೆ ಸುಮಾರು ಒಂದು ಮಿ.ಮೀ. ಬಿಸಿ ಚೈನನ್ನು ಬಿಗಿದು ಹಾಗೆಯೇ ಇಟ್ಟರೆ ಆರಿದ ಮೇಲೆ ಕುಗ್ಗಿ ಬಾರನ್ನೂ ಬೇರಿಂಗನ್ನೂ ಹಿಂಡುತ್ತದೆ. ಅದಕ್ಕೇ ಸಂಜೆ ಸಡಿಲಿಸಿ ಇಡುವುದು.

ವಿದ್ಯಾರ್ಥಿಗಳು ಇದನ್ನೆಲ್ಲ ಯಂತ್ರದಿಂದ ಕಳಚಿದ ಹಳೇ ಚೈನಿನಲ್ಲಿ, ಕೈಗವಸು ಹಾಕಿಕೊಂಡು, ದೊಡ್ಡವರ ಎದುರಿನಲ್ಲೇ ಅಳೆದು ನೋಡಬಹುದು. ಯಂತ್ರಕ್ಕೆ ಮಾತ್ರ ಕೈ ಹಾಕಬಾರದು. ಚೈನು ಸಿಗದವರಿಗೆ ಸೈಕಲ್ ಚೈನು ಇದೆ. ಅದರ ಕೊಂಡಿಗಳ ಅಂತರ ಅರ್ಧ ಇಂಚು ಬರಬೇಕು. ತುಸು ಹೆಚ್ಚು ಬಂದರೆ ಏಕೆಂದು ಈಗ ನೀವೇ ಹೇಳಬಲ್ಲಿರಿ.

ಹೊಸ ಚೈನು ಹಾಕಿದ ದಿನ ಸಂಜೆ ಅಪ್ಪ ತೋಟದಿಂದ ಬರುವಾಗ ಮುಷ್ಟಿ ತುಂಬ ಹೊಟ್ಟು ತಂದಿದ್ದ. ಹಿಟ್ಟಲ್ಲ, ಚಕ್ಕೆ ಚಕ್ಕೆ. ಹಲ್ಲು ಸರಿಯಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇನ್ನೊಂದು ಕೈಯಲ್ಲಿ ಕಾಂಡಕೊರಕ ಬಿದ್ದ ಅರೇಬಿಕಾ ಗಿಡದ ತುಂಡು. ಕಾಫಿ ಬೆಳೆಗಾರರ ನಿದ್ದೆಗೆಡಿಸುವ ಈ ಬಿಳಿ ಕಾಂಡಕೊರಕವೂ ಕಾಕ್ಸ್ ಕಂಡ ಹುಳುವಿನ ಬಳಗದ್ದೇ, ಉದ್ದ ಮೀಸೆಯ ದುಂಬಿಗಳ ಕುಟುಂಬದ್ದು. ಸುಡುವ ಮೊದಲು ಮಗಳು ಕತ್ತಿಯಿಂದ ತುಂಡನ್ನು ಸೀಳಿದಳು. ಒಂದು ಇಂಚಿಗೂ ಚಿಕ್ಕದಾದ ಬೆಳ್ಳನೆ ಹುಳು, ಕಾಲೇ ಇಲ್ಲ, ತಲೆಯ ಕಡೆ ಅಗಲ. ಭೂತಗನ್ನಡಿ ಹಿಡಿದಾಗ ಕಪ್ಪು ದವಡೆಯ ಜೋಡಿ ಕಂಡಿತು. ಹುಳು ಬಂದ ದಾರಿಯ ತುಂಬ ಗಟ್ಟಿಯಾಗಿ ತುರುಕಿದ ಪುಡಿ.

ಅಪ್ಪ ಬಗ್ಗಿ ನೋಡಿ ಹೇಳಿದ: ‘ಇದು ಹಿಟ್ಟೇ ಮಾಡಿದೆಯಲ್ಲೇ ಪುಟ್ಟಿ. ಹಲ್ಲು ಮಸೆದಿಲ್ಲ ಕಾಣ್ತದೆ.’